ಕೈಗೆಲಸದ ಪತ್ರಗಳು: ಮಳೆ ರಜೆ, ಒಣಗದ ಅಂಟು, ಸಿಡಿದ ಮಣ್ಣಿನ ನಾಯಿ

ಈ ಸಲ ಪತ್ರಗಳೇ ಒದ್ದೆಯಾಗಿ ಬಂದಿವೆ. ಎರಡು ಲಕೋಟೆಗಳನ್ನು ಒಲೆಯ ಪಕ್ಕ ಇಟ್ಟು ಒಣಗಿಸಿ ಆಮೇಲೆ ಬಿಡಿಸಿದೆ. ಮಡಿಕೇರಿಯಲ್ಲಿ ಬಿಸಿಲು ಕಂಡು ಹತ್ತು ದಿನ ಆಯಿತು. ಹೆಚ್ಚಿನವರು ಕೇಳಿರುವುದು ಒಂದೇ: ಶಾಲೆಗೆ ಮಳೆ ರಜೆ, ಮಕ್ಕಳ ಕೈಗೆ ಏನು ಕೊಡೋಣ? ನಾನು 31 ವರ್ಷ ಸರ್ಕಾರಿ ಶಾಲೆಗಳಲ್ಲಿ ಚಿತ್ರಕಲೆ ಕಲಿಸಿದವಳು. ಅಷ್ಟೂ ವರ್ಷ ಕೊಡಗಿನಲ್ಲೇ. ಇಲ್ಲಿ ಹೇಳುವುದೆಲ್ಲ ಇದೇ ಮಳೆಯಲ್ಲಿ, ಇಲ್ಲಿನ ಮಕ್ಕಳ ಜೊತೆ ಮಾಡಿ ನೋಡಿದ್ದು.

ಪ್ರಶ್ನೆ: ಟೀಚರ್, ನನಗೆ ಐದು ವರ್ಷದ ಮಗಳು, ಎಂಟು ವರ್ಷದ ಮಗ. ವಾರದಲ್ಲಿ ಎರಡು ಮೂರು ದಿನ ರಜೆಯೇ ಆಗ್ತಿದೆ. ಕರೆಂಟ್ ಇದ್ದಾಗ ಟಿವಿ, ಹೋದಾಗ ಮೊಬೈಲ್. ಏನಾದರೂ ಮಾಡಿಸೋಣ ಅಂದ್ರೆ ಕಾಗದವೇ ಮೆತ್ತಗಾಗಿದೆ. ಅಂಟು ಹಚ್ಚಿದ್ದು ಎರಡು ದಿನವಾದರೂ ಒಣಗೋದಿಲ್ಲ. ಏನು ಮಾಡ್ಲಿ?
– ಒಬ್ಬ ತಾಯಿ, ಭಾಗಮಂಡಲ

ಉತ್ತರ: ಭಾಗಮಂಡಲದ ಜುಲೈ ಮಳೆಯಲ್ಲಿ ಅಂಟು ಒಣಗುವುದಿಲ್ಲ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಗಾಳಿಯಲ್ಲೇ ಅಷ್ಟು ನೀರು ತುಂಬಿರುವಾಗ ಕಾಗದದಲ್ಲಿರುವ ನೀರು ಎಲ್ಲಿಗೆ ಹೋಗಬೇಕು? ವಿಡಿಯೊಗಳಲ್ಲಿ ‘ಒಂದು ಗಂಟೆ ಒಣಗಲು ಬಿಡಿ’ ಅನ್ನುತ್ತಾರಲ್ಲ, ಅದು ನಮ್ಮ ಊರಿಗೆ ಹೇಳಿದ್ದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಮಕ್ಕಳಿಗೆ ಒಣಗಬೇಕಾದ ಕೆಲಸವನ್ನೇ ಕೊಡುತ್ತಿರಲಿಲ್ಲ. ನೇಯುವುದು, ಮಡಚುವುದು, ಕಟ್ಟುವುದು, ಅಚ್ಚೊತ್ತುವುದು, ಇವಕ್ಕೆ ಬಿಸಿಲು ಬೇಡ.

ನೇಯ್ಗೆಯಿಂದ ಶುರು ಮಾಡಿ. ಅಂಗಡಿಯಿಂದ ಒಂದು ಖಾಲಿ ರಟ್ಟಿನ ಪೆಟ್ಟಿಗೆ ತನ್ನಿ. ನೋಟ್‌ಬುಕ್ಕಿನಷ್ಟು ದೊಡ್ಡ ತುಂಡು ಕತ್ತರಿಸಿ. ಮೇಲಿನ ಅಂಚಿನಲ್ಲಿ ಒಂದೊಂದು ಸೆಂಟಿಮೀಟರ್ ಬಿಟ್ಟು ಸಣ್ಣ ಸೀಳು ಹಾಕಿ, ಕೆಳಗಿನ ಅಂಚಿನಲ್ಲೂ ಹಾಗೇ. ಹನ್ನೆರಡು ಹದಿಮೂರು ಸೀಳು ಸಾಕು. ಹಳೆ ಗೋಣಿಚೀಲದ ಬಾಯಿ ಬಿಚ್ಚಿ ನೂಲು ಎಳೆದುಕೊಳ್ಳಿ. ಕಾಫಿ ತುಂಬುವ ಚೀಲ ಯಾರ ಮನೆಯಲ್ಲಿ ಇಲ್ಲ? ಆ ನೂಲನ್ನು ಮೇಲಿನ ಸೀಳಿನಿಂದ ಕೆಳಗಿನ ಸೀಳಿಗೆ, ಮತ್ತೆ ಮೇಲಕ್ಕೆ, ಹೀಗೆ ಕೊನೆಯವರೆಗೂ ಬಿಗಿಯಾಗಿ ಸುತ್ತಿ. ಇದೇ ಮಗ್ಗ.

ಅಡ್ಡಕ್ಕೆ ನೇಯಲು ಹಳೆ ಸೀರೆ, ಲುಂಗಿ ಹರಿದ ಪಟ್ಟಿಗಳು ಸಾಕು. ಮಗಳಿಗೆ ಎರಡು ಬೆರಳು ಅಗಲದ ಪಟ್ಟಿ ಕೊಡಿ, ಬೇಗ ಬೆಳೆಯುತ್ತದೆ, ಅವಳಿಗೆ ಖುಷಿಯಾಗುತ್ತದೆ. ಮಗನಿಗೆ ಒಂದು ಬೆರಳು ಅಗಲದ್ದು ಇರಲಿ. ಒಂದು ನೂಲಿನ ಮೇಲೆ, ಇನ್ನೊಂದರ ಕೆಳಗೆ. ಮುಂದಿನ ಸಾಲಿನಲ್ಲಿ ಅದಲು ಬದಲು. ಮಕ್ಕಳೆಲ್ಲ ಒಂದು ತಪ್ಪು ಮಾಡುತ್ತಾರೆ, ಪಟ್ಟಿಯನ್ನು ಜಗ್ಗಿ ಎಳೆಯುತ್ತಾರೆ. ಆಗ ಎರಡೂ ಅಂಚು ಒಳಕ್ಕೆ ಬಂದು ನೇಯ್ದದ್ದು ನಡುವಿನಲ್ಲಿ ಸೊಂಟದ ಹಾಗೆ ಸಣ್ಣಗಾಗುತ್ತದೆ. ‘ಪಟ್ಟಿಯನ್ನು ಗುಡ್ಡದ ಹಾಗೆ ಬಾಗಿಸಿ ಇಡು, ಆಮೇಲೆ ಬಾಚಣಿಗೆಯಲ್ಲಿ ಕೆಳಗೆ ತಳ್ಳು’ ಎಂದು ಹೇಳಿಕೊಡಿ. ನಾಲ್ಕೇ ಸಾಲಿಗೆ ಕೈಗೆ ಹತ್ತುತ್ತದೆ. ಮುಗಿದ ಮೇಲೆ ಬಿಸಿ ಪಾತ್ರೆ ಇಡುವ ಮಣೆಬಟ್ಟೆ ಆಯಿತು. ಅದನ್ನು ಪೆಟ್ಟಿಗೆಯಲ್ಲಿ ಇಡಬೇಡಿ. ಅದೇ ದಿನ ಅದರ ಮೇಲೆ ಅನ್ನದ ಪಾತ್ರೆ ಇಡಿ. ತಾನು ಮಾಡಿದ್ದು ಮನೆಯಲ್ಲಿ ಬಳಕೆಗೆ ಬಂತು ಅಂತ ಮಗು ನೋಡಬೇಕು.

ಇನ್ನು ದೋಣಿ. ಕಾಗದವನ್ನು ಮಡಚುವ ಮೊದಲು ಎರಡೂ ಬದಿಗೆ ಮೇಣದ ಬತ್ತಿಯನ್ನು ಚೆನ್ನಾಗಿ ಉಜ್ಜಿ. ಬಣ್ಣ ಹಚ್ಚಿದ ಹಾಗೆ, ಒಂದು ಚೂರೂ ಬಿಡದೆ. ಮೇಣ ಇರುವ ಕಡೆ ನೀರು ಹಿಡಿಯುವುದಿಲ್ಲ, ಅಂಗಳದ ಚರಂಡಿಯಲ್ಲಿ ಬಿಟ್ಟ ದೋಣಿ ಗದ್ದೆಯವರೆಗೂ ಹೋಗುತ್ತದೆ. ಮೇಣ ಉಜ್ಜಿದ ದೋಣಿ ಒಂದು, ಉಜ್ಜದ್ದು ಒಂದು ಜೊತೆಗೇ ಬಿಟ್ಟು ನೋಡಲಿ. ಕಾಗದ ಗರಿಗರಿಯಾಗಿ ಉಳಿಯಬೇಕಾದರೆ ಗಟ್ಟಿ ಮುಚ್ಚಳದ ಡಬ್ಬದಲ್ಲಿಡಿ. ಒಂದು ಹಿಡಿ ಅಕ್ಕಿ ಹುರಿದು, ಆರಿದ ಮೇಲೆ ಬಟ್ಟೆಯಲ್ಲಿ ಕಟ್ಟಿ ಅದರೊಳಗೆ ಹಾಕಿ. ವಾರಕ್ಕೊಮ್ಮೆ ಅದೇ ಅಕ್ಕಿಯನ್ನು ಮತ್ತೆ ಹುರಿಯಿರಿ.

ಮಳೆ ಸ್ವಲ್ಪ ಹೊಳವಾದಾಗ ಮಕ್ಕಳನ್ನು ರಸ್ತೆ ಬದಿಯ ದರೆಯ ಹತ್ತಿರ ಕರೆದುಕೊಂಡು ಹೋಗಿ. ಬೆಳ್ಳಿ ಜರಿ ಗಿಡ ಅಲ್ಲಿ ಇದ್ದೇ ಇರುತ್ತದೆ. ಮೇಲಿನಿಂದ ನೋಡಿದರೆ ಎಲ್ಲ ಜರಿಗಳ ಹಾಗೆ ಹಸಿರು. ಮಗುಚಿದರೆ ಸುಣ್ಣ ಬಳಿದ ಹಾಗೆ ಬಿಳಿ. ಒಂದು ಗರಿ ಕಿತ್ತು, ಆ ಬಿಳಿ ಬದಿಯನ್ನು ಒರೆಸಿದ ಮುಂಗೈ ಮೇಲಿಟ್ಟು ಒಂದೇ ಸಲ ಗಟ್ಟಿಯಾಗಿ ಒತ್ತಿ ತೆಗೆಯಿರಿ. ಇಡೀ ಗರಿ ಕೈ ಮೇಲೆ ಬೆಳ್ಳಗೆ ಮೂಡಿರುತ್ತದೆ, ಅಂಚಿನ ಸಣ್ಣ ಹಲ್ಲುಗಳು ಸಮೇತ. ನಾವೂ ಚಿಕ್ಕವರಿದ್ದಾಗ ಹೀಗೇ ಹಚ್ಚೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆವು. ಕಪ್ಪು ಕಾಗದದ ಮೇಲೆ ಒತ್ತಿದರೆ ಚಿತ್ರವೇ ಆಯಿತು. ಒಂದು ಗರಿಗೆ ಒಂದೇ ಒಳ್ಳೆ ಅಚ್ಚು, ಎರಡನೆಯದು ಮಸುಕು. ಆದ್ದರಿಂದ ಒತ್ತುವ ಮೊದಲು ಎಲ್ಲಿ ಒತ್ತಬೇಕು ಅಂತ ಮಗು ಯೋಚಿಸಲಿ. ಮನೆಗೆ ಬಂದ ಮೇಲೆ ಕಾಲ್ಬೆರಳ ಸಂದಿನಲ್ಲಿ ಜಿಗಣೆ ಇದೆಯಾ ನೋಡಲು ಮರೆಯಬೇಡಿ.

ಪ್ರಶ್ನೆ: ಮನೆಯಲ್ಲೇ ಮೈದಾ ಅಂಟು ಮಾಡಿದ್ದೆ. ಮೂರನೇ ದಿನಕ್ಕೆ ಬೂಸ್ಟು ಬಂದು ವಾಸನೆ ಬಂತು. ‘ಚಿಟಿಕೆ ಮೈಲುತುತ್ತ ಹಾಕು, ಕೆಡೋದಿಲ್ಲ’ ಅಂತ ನಮ್ಮ ಅಜ್ಜಿ ಹೇಳ್ತಾರೆ. ಹಾಕಬಹುದಾ?
– ಒಬ್ಬ ಓದುಗ, ಸುಂಟಿಕೊಪ್ಪ

ಉತ್ತರ: ಬೇಡ. ದಯವಿಟ್ಟು ಹಾಕಬೇಡಿ.

ಅಜ್ಜಿ ಹೇಳಿದ್ದು ಸುಳ್ಳಲ್ಲ. ಪುಸ್ತಕ ಬೈಂಡ್ ಮಾಡುವವರು ಹುಳ, ಬೂಸ್ಟು ಬಾರದಿರಲಿ ಅಂತ ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು. ಆದರೆ ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಅದು ವಿಷ. ತೋಟಕ್ಕೆ ಬೋರ್ಡೊ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಹಾಕುತ್ತೇವಲ್ಲ, ಆ ಬಲದಲ್ಲೇ ಅದು ಕಾಫಿ, ಮೆಣಸಿನ ಕೊಳೆರೋಗ ತಡೆಯುತ್ತದೆ. ಅಂಥದ್ದನ್ನು ಬೆರಳು ಚೀಪುವ ಮಕ್ಕಳ ಅಂಟಿಗೆ ಹಾಕುವುದಾ? ಅದರ ನೀಲಿ ಹರಳು ಕಲ್ಲುಸಕ್ಕರೆಯ ಹಾಗೆ ಹೊಳೆಯುತ್ತದೆ, ಮಕ್ಕಳಿಗೆ ನೋಡಿದ ಕೂಡಲೇ ಕೈ ಹೋಗುತ್ತದೆ. ಸ್ಪ್ರೇ ಮುಗಿದು ಉಳಿದ ಮೈಲುತುತ್ತ ಗೋಡೌನಿನ ಮೂಲೆಯಲ್ಲಿ ಬಿದ್ದಿದ್ದರೆ ಇವತ್ತೇ ಬೀಗದೊಳಗೆ ಇಡಿ.

ಅಂಟು ಕೆಡಬಾರದು ಅಂದರೆ ಕಮ್ಮಿ ಮಾಡಿ, ಅಷ್ಟೇ. ಒಂದು ಲೋಟ ನೀರಿಗೆ ಮೂರು ದೊಡ್ಡ ಚಮಚ ಮೈದಾ. ತಣ್ಣೀರಿನಲ್ಲೇ ಗಂಟಿಲ್ಲದೆ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತಾ ಇರಿ. ಬಿಳಿ ಹೋಗಿ ಗಂಜಿಯ ಹಾಗೆ ಹೊಳಪು ಬಂದಾಗ ಇಳಿಸಿ. ಎರಡು ದಿನಕ್ಕೆ ಬೇಕಾದಷ್ಟು ಮಾತ್ರ. ಸಣ್ಣಪುಟ್ಟ ಅಂಟಿಸುವ ಕೆಲಸಕ್ಕೆ ಬಿಸಿ ಅನ್ನದ ನಾಲ್ಕು ಅಗುಳು ಸಾಕು, ಬೆರಳಿನಿಂದ ಚೆನ್ನಾಗಿ ನುರಿದು ಹಚ್ಚಿ.

ಪ್ರಶ್ನೆ: ಮಗಳು ಎರಡನೇ ಕ್ಲಾಸ್. ಶಾಲೆಯಲ್ಲಿ ‘ನಮ್ಮ ಮನೆ’ ಅಂತ ಮಾಡೆಲ್ ಮಾಡಿ ತರಲು ಹೇಳಿದ್ದಾರೆ. ಥರ್ಮಾಕೋಲ್, ಬಣ್ಣದ ಸ್ಪ್ರೇ, ಹುಲ್ಲಿನ ಹಾಳೆ ಎಲ್ಲಾ ಸೇರಿ ನಾನೂರು ರೂಪಾಯಿ ಆಯ್ತು. ರಾತ್ರಿ ಕೂತು ನಾನೇ ಮಾಡ್ತಿದ್ದೆ. ಸ್ಪ್ರೇ ಹೊಡೆದ ಕೂಡಲೇ ಥರ್ಮಾಕೋಲ್ ಕರಗಿ ತೂತು ಬಿತ್ತು. ಮಗಳು ಅಳ್ತಾ ಮಲಗಿದ್ಳು. ಇನ್ನು ನಾಲ್ಕು ದಿನ ಇದೆ.
– ಒಬ್ಬ ತಂದೆ, ಕುಶಾಲನಗರ

ಉತ್ತರ: ಸ್ಪ್ರೇ ಬಣ್ಣದಲ್ಲಿರುವ ದ್ರಾವಕಕ್ಕೆ ಥರ್ಮಾಕೋಲ್ ಕರಗುತ್ತದೆ. ಅದು ಹೋಗಲಿ. ನಾಲ್ಕು ದಿನ ಧಾರಾಳ ಸಾಕು. ಆದರೆ ಈ ಸಲ ಮಗಳೇ ಮಾಡಲಿ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಾನೇ ಒಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ.

ಒಂದು ವರ್ಷ ಶಾಲೆಯ ವಸ್ತುಪ್ರದರ್ಶನಕ್ಕೆ ನಾನು ತೀರ್ಪುಗಾರ್ತಿ. ಥರ್ಮಾಕೋಲಿನ ಅಣೆಕಟ್ಟು ಒಂದು ಬಂದಿತ್ತು. ಗೇಟು, ದೀಪ, ನೀಲಿ ನೀರು, ಒಂದು ಗೆರೆ ಅತ್ತಿತ್ತ ಆಗಿರಲಿಲ್ಲ. ಅದಕ್ಕೆ ಮೊದಲ ಬಹುಮಾನ ಬರೆದುಬಿಟ್ಟೆ. ಆಮೇಲೆ ಹುಡುಗನ ಹತ್ತಿರ ಸುಮ್ನೆ ಕೇಳಿದೆ, ‘ನೀರು ಯಾವ ಕಡೆಯಿಂದ ಬರ್ತದೆ?’ ಅಂತ. ಅವನು ಅಪ್ಪನ ಮುಖ ನೋಡಿದ. ಅವನ ಪಕ್ಕದ ಮೇಜಿನಲ್ಲೇ ಒಬ್ಬಳು ಹುಡುಗಿ ಬೆಂಕಿಪೊಟ್ಟಣಗಳಿಂದ ಕೊಟ್ಟಿಗೆ ಮಾಡಿ ತಂದಿದ್ದಳು. ಗೋಡೆ ಸೊಟ್ಟ. ಮಾಡು ಒಂದು ಕಡೆ ಕುಸಿದಿತ್ತು. ಆದರೆ ನೆಲ ಹಿಂದಕ್ಕೆ ಇಳಿಜಾರಾಗಿತ್ತು, ಗಂಜಳ ಹರಿಯಲು ಕಡ್ಡಿಯಲ್ಲಿ ಗೀರಿದ ಕಾಲುವೆ ಇತ್ತು, ಕರುವಿಗೆ ಬೇರೆ ಗೂಟ ಇತ್ತು. ಕರು ತಾಯಿಯಿಂದ ಎಷ್ಟು ದೂರ ಇರಬೇಕು ಅಂತ ಅವಳು ಲೆಕ್ಕ ಹಾಕಿ ಗೂಟ ನೆಟ್ಟಿದ್ದಳು. ಅವಳಿಗೆ ನಾನು ಏನೂ ಕೊಡಲಿಲ್ಲ. ಮನೆಗೆ ಹೋಗಿ ರಾತ್ರಿ ನಿದ್ದೆ ಬರಲಿಲ್ಲ. ಮರು ವರ್ಷದಿಂದ ಮಾಡೆಲ್‌ಗಳನ್ನು ಮಕ್ಕಳು ಶಾಲೆಯಲ್ಲೇ ಕೂತು ಮಾಡುವ ಹಾಗೆ ವ್ಯವಸ್ಥೆ ಮಾಡಿದೆ. ಆ ಹುಡುಗಿ ಅಷ್ಟರಲ್ಲಿ ಬೇರೆ ಶಾಲೆಗೆ ಹೋಗಿದ್ದಳು.

ಈಗ ನಿಮ್ಮ ಮಗಳ ಮನೆ. ಒಂದು ರಟ್ಟಿನ ಪೆಟ್ಟಿಗೆ ಸಾಕು. ಬಾಗಿಲು, ಕಿಟಕಿ ಎಲ್ಲಿ ಅಂತ ಅವಳು ಗೆರೆ ಎಳೆಯಲಿ, ದಪ್ಪ ರಟ್ಟು ಕೊಯ್ಯುವುದಷ್ಟೇ ನಿಮ್ಮ ಕೆಲಸ. ಮಾಡಿಗೆ ಒಂದು ಉಪಾಯ ಇದೆ. ರಟ್ಟಿನ ಮೇಲಿನ ಪದರಕ್ಕೆ ಸ್ವಲ್ಪ ನೀರು ಸವರಿ ಎರಡು ನಿಮಿಷ ಬಿಡಿ. ಆಮೇಲೆ ಮೂಲೆಯಿಂದ ಮೆಲ್ಲಗೆ ಸುಲಿದರೆ ಒಳಗಿನ ಅಲೆಅಲೆಯ ಕಾಗದ ಕಾಣುತ್ತದೆ. ಥೇಟ್ ಹೆಂಚಿನ ಸಾಲು. ಅಂಗಳದ ಕೆಂಪು ಮಣ್ಣನ್ನು ಹಳೆ ಪಂಚೆಯಲ್ಲಿ ಜರಡಿ ಹಿಡಿದು, ಮೈದಾ ಅಂಟಿನಲ್ಲಿ ಕಲಸಿ ಅದರ ಮೇಲೆ ತೆಳುವಾಗಿ ಹಚ್ಚಲಿ. ಯಾವ ಸ್ಪ್ರೇಗೂ ಆ ಬಣ್ಣ ಬರುವುದಿಲ್ಲ. ಗೋಡೆಗೆ ಮೊಟ್ಟೆ ಟ್ರೇಯನ್ನು ನೆನೆಸಿ ನುರಿದು ಮೆತ್ತಿದರೆ ಮಣ್ಣಿನ ಗೋಡೆಯ ಹಾಗೇ ಉಬ್ಬುತಗ್ಗು ಬರುತ್ತದೆ. ಇದು ಮಾತ್ರ ಇವತ್ತೇ ಮಾಡಿ, ಒಲೆಯ ಪಕ್ಕ ಇಟ್ಟರೂ ಒಣಗಲು ಎರಡು ದಿನ ಬೇಕು. ಮಳೆ ನಿಮ್ಮಲ್ಲಿ ಭಾಗಮಂಡಲದಷ್ಟು ಇಲ್ಲ, ಅದೊಂದು ಅನುಕೂಲ.

ಅಜ್ಜಿ ಮನೆ ಹಳೆಯದಾಗಿದ್ದರೆ ಅದನ್ನೇ ಮಾಡಲಿ. ಐನ್‌ಮನೆಯ (ಕೊಡವರ ಮೂಲ ಕುಟುಂಬದ ಮನೆ) ಕೈಯಾಲೆಗೆ, ಅಂದರೆ ಮುಂದಿನ ಜಗಲಿಗೆ, ಪೆನ್ಸಿಲ್ ತುಂಡುಗಳೇ ಕಂಬ. ಮೊದಲು ಅವಳನ್ನು ಕೂರಿಸಿಕೊಂಡು ಕೇಳಿ: ಮಳೆ ಬಂದಾಗ ಚಪ್ಪಲಿ ಎಲ್ಲಿ ಬಿಡ್ತೇವೆ? ಬಟ್ಟೆ ಎಲ್ಲಿ ಒಣಗಿಸ್ತೇವೆ? ನಾಯಿ ಎಲ್ಲಿ ಮಲಗ್ತದೆ? ಆ ಉತ್ತರಗಳೆಲ್ಲ ಮಾಡೆಲ್‌ನಲ್ಲಿ ಬರಲಿ. ಗೋಡೆ ಸೊಟ್ಟವಾದರೆ ಸರಿ ಮಾಡಲು ಹೋಗಬೇಡಿ. ನಿಮ್ಮ ಕೈ ತುರಿಸುತ್ತದೆ, ನನಗೆ ಗೊತ್ತು. ಆದರೂ ಬೇಡ.

ಪ್ರಶ್ನೆ: ಗ್ಲಿಟರ್ ಪುಡಿ ಇಲ್ಲಿ ಒಳ್ಳೆಯದು ಸಿಗೋದಿಲ್ಲ. ಮೈಸೂರಿಂದ ತರಿಸಬೇಕಾ?
– ಓದುಗರು, ಶನಿವಾರಸಂತೆ

ಉತ್ತರ: ತರಿಸಬೇಡಿ. ಅದು ಹೆಚ್ಚಾಗಿ ಪ್ಲಾಸ್ಟಿಕ್ ಪುಡಿ. ಕೈ ತೊಳೆದ ನೀರಿನ ಜೊತೆ ತೋಡಿಗೆ, ಅಲ್ಲಿಂದ ಹೊಳೆಗೆ ಹೋಗುತ್ತದೆ. ನಮ್ಮ ತೋಡುಗಳು ಕೊನೆಗೆ ಎಲ್ಲಿಗೆ ಸೇರುತ್ತವೆ ಅಂತ ನಿಮಗೆ ಹೇಳಬೇಕಿಲ್ಲ ಅಲ್ವಾ? ಹೊಳಪು ಬೇಕಾದರೆ ಬಿಸ್ಕೆಟ್ ಪ್ಯಾಕೆಟ್ಟಿನ ಒಳಬದಿ ಕತ್ತರಿಸಿ ಅಂಟಿಸಿ.

ಪ್ರಶ್ನೆ: ಮೂರು ವರ್ಷದ ಮೊಮ್ಮಗನಿಗೆ ಬಣ್ಣ ಅಂದ್ರೆ ಪ್ರಾಣ. ಆದರೆ ಕ್ರಯಾನ್ ಕೊಟ್ಟರೆ ತಿಂತಾನೆ. ಅಡುಗೆ ಮನೆಯ ಸಾಮಾನಿನಿಂದಲೇ ಬಣ್ಣ ಮಾಡಬಹುದಾ?
– ಒಬ್ಬ ಅಜ್ಜಿ, ವಿರಾಜಪೇಟೆ

ಉತ್ತರ: ಮಾಡಬಹುದು. ನನಗೂ ತುಂಬ ಇಷ್ಟದ ಕೆಲಸ ಇದು.

ಅರಿಶಿನ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ತಳಕ್ಕೆ ಕೂರುತ್ತದೆ. ಆದ್ದರಿಂದ ತೆಳು ಮೈದಾ ಗಂಜಿಯಲ್ಲಿ ಕಲಸಿ. ಮಗು ಹಳದಿ ಬಳಿದ ಮೇಲೆ ನೀವು ಅಡುಗೆ ಸೋಡಾ ಕದಡಿದ ನೀರಲ್ಲಿ ಬೆರಳು ಅದ್ದಿ ಅದರ ಮೇಲೆ ಒಂದು ಚುಕ್ಕೆ ಇಡಿ. ಚುಕ್ಕೆ ಕೆಂಪಾಗುತ್ತದೆ. ಅದರ ಮೇಲೆ ನಿಂಬೆರಸ ಬಿಟ್ಟರೆ ಮತ್ತೆ ಹಳದಿ. ಮೂರು ವರ್ಷದವನ ಮುಖ ಆಗ ನೋಡಬೇಕು. ವೀಳ್ಯದ ಸುಣ್ಣದಲ್ಲೂ ಇದು ಆಗುತ್ತದೆ, ಆದರೆ ಸುಣ್ಣ ಕಣ್ಣಿಗೆ ಹೋದರೆ ಅಪಾಯ, ಸೋಡಾವೇ ಇರಲಿ. ಬೇಲಿಯಲ್ಲಿ ಶಂಖಪುಷ್ಪ ಇದ್ದರೆ ನಾಲ್ಕು ಹೂವನ್ನು ಬಿಸಿನೀರಿಗೆ ಹಾಕಿ. ನೀಲಿ ಬಿಡುತ್ತದೆ. ನಿಂಬೆ ಹಿಂಡಿದರೆ ನೇರಳೆ, ಗುಲಾಬಿ.

ಕಂದು ಬಣ್ಣಕ್ಕೆ ಕಾಫಿ ಡಿಕಾಕ್ಷನ್. ನೀರು ಹೆಚ್ಚು ಹಾಕಿದರೆ ತಿಳಿ, ಕಮ್ಮಿ ಹಾಕಿದರೆ ಕಡು. ಮೂರು ಲೋಟದಲ್ಲಿ ಮೂರು ಹದ ಮಾಡಿಟ್ಟರೆ ಅದೊಂದರಲ್ಲೇ ಬೆಟ್ಟ, ಮಂಜು, ಮರ ಎಲ್ಲಾ ಬರೆಯಬಹುದು: ದೂರದ ಬೆಟ್ಟಕ್ಕೆ ತಿಳಿ, ಹತ್ತಿರದ್ದಕ್ಕೆ ಕಡು. ಇದು ಸ್ವಲ್ಪ ದೊಡ್ಡ ಮಕ್ಕಳಿಗೆ. ಮೊಮ್ಮಗ ಡಿಕಾಕ್ಷನ್ ಕುಡಿಯದ ಹಾಗೆ ಲೋಟ ನಿಮ್ಮ ಕೈಯಲ್ಲೇ ಇರಲಿ.

ಇನ್ನೊಂದು ಬಣ್ಣ ನಮ್ಮ ಊರಿಗೇ ಸೇರಿದ್ದು. ಕೊಡವರ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3ರ ಸುಮಾರಿಗೆ, ನಿಮ್ಮ ಮನೆಯಲ್ಲೂ ಮದ್ದು ಸೊಪ್ಪು (ಆ ದಿನ ಔಷಧಿ ಅಂತ ತಿನ್ನುವ ಕಾಡುಸೊಪ್ಪು) ಬೇಯಿಸುತ್ತೀರಿ. ಆ ನೀರಿನ ಕಡು ನೇರಳೆ ಬಣ್ಣ ನೋಡಿದ್ದೀರಲ್ಲ? ಪಾಯಸಕ್ಕೆ ಹಾಕುವ ಮೊದಲು, ಬೆಲ್ಲ ಸೇರಿಸದ ನೀರನ್ನು ಅರ್ಧ ಲೋಟ ತೆಗೆದಿಡಿ. ಹತ್ತಿ ಸುತ್ತಿದ ಕಡ್ಡಿಯಲ್ಲಿ ಬಿಳಿ ಕಾಗದದ ಮೇಲೆ ಬಳಿಯಲಿ. ಬಟ್ಟೆಗೆ ಬಿದ್ದರೆ ಕಲೆ ಬೀಳುತ್ತದೆ, ಹಳೆ ಅಂಗಿ ಹಾಕಿಸಿ. ಈ ಬಣ್ಣಗಳೆಲ್ಲ ಬಿಸಿಲಿಗೆ ಮಾಸುತ್ತವೆ, ಅರಿಶಿನ ಎಲ್ಲಕ್ಕಿಂತ ಬೇಗ. ಚಿತ್ರವನ್ನು ಪುಸ್ತಕದೊಳಗೆ ಇಡಿ, ಗೋಡೆಗೆ ಬೇಡ.

ಪ್ರಶ್ನೆ: ನಾನು ಅಂಗನವಾಡಿ ನಡೆಸುತ್ತೇನೆ. ಹೆಚ್ಚಿನ ಮಕ್ಕಳು ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವವರು. ಸಾಮಾನಿಗೆ ದುಡ್ಡಿಲ್ಲ. ತೋಟದಲ್ಲಿ ಸಿಗುವ ಬೀಜ, ಹೂವಿನಿಂದ ಮಣಿಸರ, ಗೊಂಬೆ ಮಾಡಿಸೋಣ ಅಂತ ಇದ್ದೇನೆ. ಗುಲಗಂಜಿ ಬೇಕಾದಷ್ಟು ಸಿಗ್ತದೆ, ಗೊಂಬೆಯ ಕಣ್ಣಿಗೆ ಚೆನ್ನಾಗಿರ್ತದೆ.
– ಒಬ್ಬ ಕಾರ್ಯಕರ್ತೆ, ಸಿದ್ದಾಪುರ

ಉತ್ತರ: ಗುಲಗಂಜಿ ಬೇಡವೇ ಬೇಡ. ಗಣಪತಿಗೆ ಕಣ್ಣು ಇಡುತ್ತಾರೆ ನಿಜ, ಆದರೆ ಅದರ ಒಳಗಿನ ತಿರುಳು ಭಾರಿ ವಿಷ. ಮಗು ಜಗಿದು ನುಂಗಿದರೆ ಪ್ರಾಣಕ್ಕೆ ಅಪಾಯ. ಮಣಿ ಮಾಡಲು ತೂತು ಕೊರೆದರೆ ಆ ತಿರುಳು ಹೊರಗೆ ಬಂದ ಹಾಗೇ ಆಯಿತು. ಹರಳು ಬೀಜವೂ ಬೇಡ. ಇನ್ನೊಂದು, ಕೊಡವರು ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ಸಮಯಕ್ಕೆ ತೋಕ್ ಪೂ (ಕೋವಿ ಹೂವು) ಅರಳುತ್ತದೆ, ಬೆಂಕಿಯ ನಾಲಿಗೆಯ ಹಾಗೆ ಕೆಂಪು ಹಳದಿ. ಕೋವಿಗೆ ಸಿಕ್ಕಿಸುವ ಹೂವು ಅಂತ ಮಕ್ಕಳಿಗೆ ಆಸೆ. ಅದರ ಗೆಡ್ಡೆ, ಎಲೆ, ಬೀಜ ಎಲ್ಲಾ ವಿಷವೇ. ಕೋವಿಗೆ ದೊಡ್ಡವರು ಸಿಕ್ಕಿಸಲಿ, ಮಕ್ಕಳು ನೋಡಲಿ. ಕೆಸದ ದಂಟಿನ ರಸ ತುರಿಸುತ್ತದೆ, ಅದನ್ನೂ ಬಿಡಿ.

ಬೇರೆ ಏನಿದೆ ಅಂದರೆ, ನಿಮ್ಮ ಸುತ್ತ ಬೇಕಾದಷ್ಟಿದೆ. ಸಿಲ್ವರ್ ಓಕ್ ಎಲೆ ಬಿದ್ದಿರುತ್ತದೆ, ಅದನ್ನು ಕಾಗದದ ಕೆಳಗಿಟ್ಟು ಮೇಲೆ ಇದ್ದಿಲು ಉಜ್ಜಿದರೆ ಎಲೆ ಮೂಡುತ್ತದೆ. ಬಾಳೆ ಎಲೆಯ ದಂಟನ್ನು ಅಡ್ಡಕ್ಕೆ ಕತ್ತರಿಸಿ ನೋಡಿ, ಒಳಗೆ ಜೇನುಗೂಡಿನ ಹಾಗೆ ಕೋಣೆ ಕೋಣೆ. ಕೆಮ್ಮಣ್ಣಿನ ಬಣ್ಣದಲ್ಲಿ ಅದ್ದಿ ಒತ್ತಿದರೆ ಮೀನಿನ ಮೈಗೆ ಹುರುಪೆ ಬರೆದ ಹಾಗೆ ಆಗುತ್ತದೆ. ಬಾಳೆ ರಸದ ಕಲೆ ಬಟ್ಟೆಯಿಂದ ಹೋಗುವುದಿಲ್ಲ, ಅದೊಂದು ಜಾಗ್ರತೆ. ತೆಂಗಿನ ಚಿಪ್ಪು, ಗೋಣಿ ನೂಲು, ಹೊಳೆಯ ನುಣುಪು ಕಲ್ಲು ಇವೆಲ್ಲ ಸರಿ. ಮೂರು ವರ್ಷದ ಒಳಗಿನವರ ಕೈಗೆ ಬಾಯಿಗೆ ಹೋಗುವಷ್ಟು ಸಣ್ಣದನ್ನು ಮಾತ್ರ ಕೊಡಬೇಡಿ. ನಿಮ್ಮ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಬುಟ್ಟಿ ಹೆಣೆಯುವವರು, ಬಿದಿರು ಸೀಳುವವರು ಇದ್ದೇ ಇರುತ್ತಾರೆ. ಕೆಲಸ ಇಲ್ಲದ ದಿನ ಒಬ್ಬರನ್ನು ಕರೆದು ಮಕ್ಕಳ ಮುಂದೆ ಕೂರಿಸಿ. ತನ್ನ ಅಪ್ಪನಿಗೆ ಇಷ್ಟೆಲ್ಲ ಬರುತ್ತದೆ ಅಂತ ಮಗುವಿಗೆ ಗೊತ್ತಾಗುವುದು ದೊಡ್ಡ ವಿಷಯ.

ಪ್ರಶ್ನೆ: ಟೀಚರ್, ನಾನು ಐದನೇ ಕ್ಲಾಸ್. ಗದ್ದೆ ಮಣ್ಣಿನಲ್ಲಿ ನಾಯಿ ಮಾಡಿದೆ. ದೇವರಕಾಡಿನಲ್ಲಿ ಅಯ್ಯಪ್ಪನಿಗೆ ಇಟ್ಟಿರ್ತಾರಲ್ಲ, ಹಾಗೆ. ಎರಡು ದಿನ ಒಣಗಿಸಿ ಬಚ್ಚಲ ಒಲೆಗೆ ಹಾಕಿದೆ. ಪಟ್ ಅಂತ ಸಿಡಿದು ತಲೆ ಒಂದು ಕಡೆ, ಹೊಟ್ಟೆ ಒಂದು ಕಡೆ ಆಯ್ತು. ಯಾಕೆ?
– ಒಬ್ಬ ಹುಡುಗ, ನಾಪೋಕ್ಲು

ಉತ್ತರ: ಪುಟ್ಟ, ಈ ತಿಂಗಳ ಅತ್ಯಂತ ಒಳ್ಳೆಯ ಪತ್ರ ನಿನ್ನದು. ಏನಾಯಿತು ಅಂತ ಸರಿಯಾಗಿ ನೋಡಿ ಬರೆದಿದ್ದೀಯ.

ನಿನ್ನ ನಾಯಿಯ ಹೊಟ್ಟೆಯೊಳಗೆ ನೀರು ಉಳಿದಿತ್ತು. ಹೊರಗೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿ. ಬೆಂಕಿಗೆ ಹಾಕಿದಾಗ ಆ ನೀರು ಆವಿಯಾಯಿತು. ಆವಿಗೆ ನೀರಿಗಿಂತ ತುಂಬಾ ಜಾಸ್ತಿ ಜಾಗ ಬೇಕು. ಹೊರಗೆ ಬರಲು ದಾರಿ ಇಲ್ಲ, ಅದಕ್ಕೇ ಸಿಡಿಯಿತು.

ಇನ್ನೊಂದು ಮಾಡು. ಮೊದಲು ಮಣ್ಣನ್ನು ಪರೀಕ್ಷೆ ಮಾಡು: ಪೆನ್ಸಿಲಿನಷ್ಟು ದಪ್ಪ ಉರುಳೆ ಮಾಡಿ ಬೆರಳಿಗೆ ಸುತ್ತು. ಬಿರುಕು ಬಿಡದಿದ್ದರೆ ಒಳ್ಳೆ ಮಣ್ಣು. ಕಲ್ಲು, ಬೇರು ಆರಿಸಿ, ಹಳೆ ಹೆಂಚು ಕುಟ್ಟಿದ ಪುಡಿ ಒಂದು ಹಿಡಿ ಸೇರಿಸಿ ಚೆನ್ನಾಗಿ ಮಿದಿ. ಒಳಗೆ ಗಾಳಿ ಗುಳ್ಳೆ ಇರಬಾರದು. ಹೊಟ್ಟೆಯನ್ನು ಗಟ್ಟಿ ಉಂಡೆ ಮಾಡಬೇಡ. ಬಟ್ಟಲಿನ ಹಾಗೆ ಟೊಳ್ಳು ಮಾಡಿ, ಕೆಳಗೆ ತೂತು ಬಿಡು. ಎಲ್ಲೂ ನಿನ್ನ ಬೆರಳಿಗಿಂತ ದಪ್ಪ ಇರುವುದು ಬೇಡ. ಕಾಲು, ಕಿವಿ ಅಂಟಿಸುವಾಗ ಎರಡೂ ಕಡೆ ಕಡ್ಡಿಯಲ್ಲಿ ಗೀರು, ತೆಳು ಕೆಸರು ಹಚ್ಚಿ ಒತ್ತು. ಇಲ್ಲದಿದ್ದರೆ ಒಣಗುವಾಗಲೇ ಉದುರುತ್ತದೆ.

ಈಗ ಕಷ್ಟದ ಕೆಲಸ, ಕಾಯುವುದು. ಈ ಮಳೆಯಲ್ಲಿ ಎರಡು ವಾರವಾದರೂ ಬೇಕು. ಮೊದಲ ಮೂರು ದಿನ ಒಲೆಯಿಂದ ದೂರ ಇಡು, ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಹತ್ತಿರಕ್ಕೆ ತಾ. ಒಣಗಿದೆಯಾ ಅಂತ ತಿಳಿಯಲು ಒಲೆಯಿಂದ ತೆಗೆದು ಸ್ವಲ್ಪ ಹೊತ್ತು ದೂರ ಇಟ್ಟು, ನಾಯಿಯ ಹೊಟ್ಟೆಯನ್ನು ನಿನ್ನ ಕೆನ್ನೆಗೆ ಹಿಡಿ. ತಣ್ಣಗೆ ಅನಿಸಿದರೆ ಒಳಗೆ ಇನ್ನೂ ನೀರಿದೆ. ಕುಂಬಾರರೂ ಹೀಗೇ ನೋಡುತ್ತಾರೆ.

ಸುಡುವಾಗ ಅಪ್ಪನೋ ಅಜ್ಜನೋ ಜೊತೆಗಿರಲಿ. ನೇರ ಬೆಂಕಿಗೆ ಹಾಕಬೇಡ. ಮೊದಲು ಎರಡು ಗಂಟೆ ಕೆಂಡದ ಪಕ್ಕ ಇಟ್ಟು ತಿರುಗಿಸುತ್ತಾ ಬಿಸಿ ಮಾಡು, ಆಮೇಲೆ ಅವರು ಕೆಂಡದ ನಡುವೆ ಇಟ್ಟು ಮೇಲೆ ಭತ್ತದ ಹೊಟ್ಟು ಮುಚ್ಚಲಿ. ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ಪೂರ್ತಿ ಆರಿದ ಮೇಲೆ ತೆಗೆದು ಬೆರಳಿನಿಂದ ತಟ್ಟಿ ನೋಡು. ಸುಟ್ಟಿದ್ದರೆ ಟಣ್ ಅನ್ನುತ್ತದೆ, ಸುಡದಿದ್ದರೆ ದಬ್ ಅನ್ನುತ್ತದೆ. ಯಾವ ಸದ್ದು ಬಂತು, ಕಿವಿ ಉಳಿಯಿತಾ, ಎರಡನ್ನೂ ನನಗೆ ಬರೆದು ಕಳಿಸು.